ಡೆಲಿವರಿಗೆ ಮೊದಲೇ 164 ಕಿಲೋಮೀಟರ್: ಮೈಸೂರಿನ ಒಂದು ಕಾರು ಷೋರೂಂ ಸೇವೆಯ ವಿಮರ್ಶೆ

2025ರ ಸೆಪ್ಟೆಂಬರ್ 27ರ ಶನಿವಾರ ಬೆಳಿಗ್ಗೆ, ಆಯುಧಪೂಜೆಗೆ ನಾಲ್ಕೇ ದಿನ ಉಳಿದಿದ್ದಾಗ, ಮೈಸೂರಿನ ಹೊರವಲಯದಲ್ಲಿ ಡೀಲರ್ ಹೊಸ ಕಾರುಗಳನ್ನು ನಿಲ್ಲಿಸಿಡುವ ಅಂಗಳ, ಅಂದರೆ ಸ್ಟಾಕ್‌ಯಾರ್ಡ್ ಒಂದರಲ್ಲಿ ನನ್ನ ಹೆಸರಿಗೆ ಮೀಸಲಾಗಿದ್ದ ಹೊಸ ಕಾರಿನೊಳಗೆ ಕುಳಿತು ಗುಂಡಿ ಒತ್ತಿದೆ. ಸೀಟುಗಳ ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ, ಸ್ಟೀರಿಂಗಿಗೆ ಸುತ್ತಿದ್ದ ಹಾಳೆ ಬಿಚ್ಚಿರಲಿಲ್ಲ, ಒಳಗೆ ಹೊಸ ರಬ್ಬರಿನ ವಾಸನೆ ಗಾಢವಾಗಿತ್ತು. ಮೀಟರ್ ಮಾತ್ರ 164 ಕಿಲೋಮೀಟರ್ ಎಂದು ತೋರಿಸುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮಾರಾಟ ಸಿಬ್ಬಂದಿ ಆ ಅಂಕಿಯ ಕಡೆಗೆ ನೋಡದೆ ಸನ್‌ರೂಫ್ ತೆರೆಯುವುದು ಹೇಗೆಂದು ವಿವರಿಸತೊಡಗಿದರು. ಈ ವಿಮರ್ಶೆ ಆ ಕಾರಿನ ಗುಣದೋಷಗಳನ್ನು ಕುರಿತದ್ದಲ್ಲ. ಕಾರು ಚೆನ್ನಾಗಿದೆ, ಅದರ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಆ 164 ಎಲ್ಲಿಂದ ಬಂತು ಎಂಬ ಒಂದು ಪ್ರಶ್ನೆಗೆ ಷೋರೂಮಿನವರು ಎಷ್ಟು ಸಲ, ಯಾವ ಯಾವ ಉತ್ತರ ಕೊಟ್ಟರು, ಕೊನೆಗೆ ನಿಜ ಹೇಗೆ ಹೊರಬಂತು, ಆ ಮೇಲೆ ಅವರು ಹೇಗೆ ನಡೆದುಕೊಂಡರು ಎಂಬುದನ್ನು ದಾಖಲಿಸುವುದಷ್ಟೇ ನನ್ನ ಉದ್ದೇಶ. ಷೋರೂಮಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಂಥದ್ದು ಒಂದೇ ಕಡೆ ನಡೆಯುವಂಥದ್ದಲ್ಲ.

ಬುಕಿಂಗ್ ಹಂತದ ಸೇವೆಯಲ್ಲಿ ಕೊರತೆ ಇರಲಿಲ್ಲ. ಟೆಸ್ಟ್ ಡ್ರೈವ್‌ಗೆ ಎರಡು ಸಲ ಕಾರು ಕೊಟ್ಟರು, ಬೆಲೆಪಟ್ಟಿಯನ್ನು ಕೇಳಿದ ತಕ್ಷಣ ಕೈಗಿತ್ತರು, ವಿಮೆಯನ್ನು ಹೊರಗಿನಿಂದ ಮಾಡಿಸಿಕೊಳ್ಳುತ್ತೇನೆ ಎಂದಾಗ ಮುಖ ಗಂಟಿಕ್ಕಲಿಲ್ಲ. ಆ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ, ಸೆಸ್ ಸೇರಿ ಶೇ 29ರಷ್ಟಿದ್ದದ್ದು ಶೇ 18ಕ್ಕೆ ಇಳಿದಿತ್ತು. ಅದೇ ದಿನ ನವರಾತ್ರಿಯ ಪಾಡ್ಯವೂ ಆಗಿತ್ತು. ತೆರಿಗೆ ಇಳಿಯಲೆಂದು ಕಾದು ಕುಳಿತವರು, ಆಯುಧಪೂಜೆಗೆ ಮನೆಯ ಮುಂದೆ ಹೊಸ ಗಾಡಿ ನಿಲ್ಲಬೇಕೆನ್ನುವವರು ಒಟ್ಟಿಗೇ ನುಗ್ಗಿದ ಆ ವಾರ ಮೈಸೂರಿನ ಯಾವ ಷೋರೂಮಿನಲ್ಲಿಯೂ ಕೂರಲು ಕುರ್ಚಿ ಇರಲಿಲ್ಲ. ನಾನು ಆರಿಸಿದ್ದ ಬಣ್ಣ ಮತ್ತು ಮಾದರಿ ಸ್ಥಳೀಯವಾಗಿ ಇಲ್ಲವೆಂದು ಸೋಮವಾರ ಹೇಳಿದ್ದವರು ಗುರುವಾರ ಬೆಳಿಗ್ಗೆ ಕರೆ ಮಾಡಿ, ‘ನಿಮ್ಮ ಗಾಡಿ ಬಂದಿದೆ, ಉಳಿದ ಹಣ ಕಟ್ಟಿಬಿಡಿ, ಬುಧವಾರ ಡೆಲಿವರಿ’ ಎಂದರು. ಮೂರು ದಿನದಲ್ಲಿ ಗಾಡಿ ಹೇಗೆ ಬಂತು ಎಂದು ಆಗಲೇ ಕೇಳಬೇಕಿತ್ತು, ಸಂತೋಷದಲ್ಲಿ ಕೇಳಲಿಲ್ಲ.

ಆದರೆ ಉಳಿದ ಹಣ ಕಟ್ಟುವ ಮೊದಲು ಕಾರನ್ನು ನೋಡುತ್ತೇನೆ ಎಂದು ಪಟ್ಟು ಹಿಡಿದೆ. ಇಲ್ಲಿ ಮೊದಲ ತಿಕ್ಕಾಟ. ‘ರಿಜಿಸ್ಟ್ರೇಷನ್ ಆದ ಮೇಲೆ ತೊಳೆದು ಒರೆಸಿ ನಿಲ್ಲಿಸುತ್ತೇವೆ, ಆಗ ನೋಡಿ ಸರ್, ಈಗ ಧೂಳು ಹಿಡಿದಿರುತ್ತದೆ’ ಎಂಬ ಉತ್ತರ ಬಂತು. ಧೂಳಿನ ನೆಪ ಮೃದುವಾಗಿ ಕಂಡರೂ ಅದರ ಪರಿಣಾಮ ದೊಡ್ಡದು. ನನ್ನ ಕಾರಿನ ಎಕ್ಸ್-ಷೋರೂಂ ಬೆಲೆ 9.4 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ 14ರಷ್ಟು ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್ ಇರುವುದರಿಂದ, ನೋಂದಣಿಯ ಕಾಗದ ಒಮ್ಮೆ ಹೋಯಿತೆಂದರೆ ಒಂದೂವರೆ ಲಕ್ಷದ ಹತ್ತಿರದ ಹಣ ಆ ಒಂದು ಚಾಸಿ ನಂಬರಿಗೆ, ಎಂದರೆ ಆ ಕಾರಿನ ಗುರುತಿನ ಸಂಖ್ಯೆಗೆ, ಅಂಟಿಕೊಂಡು ಸರ್ಕಾರದ ಖಜಾನೆ ಸೇರಿಬಿಡುತ್ತದೆ. ಆ ಮೇಲೆ ಕಾರಿನಲ್ಲಿ ಏನೇ ಕಂಡರೂ ‘ಬೇರೆ ಕೊಡಿ’ ಎನ್ನುವ ಬಲ ಗ್ರಾಹಕನಿಗೆ ಉಳಿಯುವುದಿಲ್ಲ. ‘ನಿಮ್ಮ ಹೆಸರಿಗೆ ಆಗಿಹೋಗಿದೆಯಲ್ಲ ಸರ್’ ಎಂಬ ಒಂದೇ ವಾಕ್ಯದಲ್ಲಿ ಮಾತು ಮುಗಿಯುತ್ತದೆ. ಪಿಡಿಐ, ಎಂದರೆ ಡೆಲಿವರಿಗೆ ಮುಂಚಿನ ತಪಾಸಣೆ, ನೋಂದಣಿಗೂ ಮೊದಲೇ ಆಗಬೇಕೆನ್ನುವುದು ಈ ಕಾರಣಕ್ಕೆ. ಎರಡು ದಿನ ಫೋನಿನಲ್ಲಿ ಹಗ್ಗಜಗ್ಗಾಟ ನಡೆದು, ಹಣ ಕಟ್ಟುವುದೇ ಇಲ್ಲ ಎಂದ ಮೇಲೆ ಶನಿವಾರಕ್ಕೆ ಒಪ್ಪಿದರು.

ಇನ್ನು 164ರ ವಿಷಯ. ಹೊಸ ಕಾರಿನ ಮೀಟರ್ ಸೊನ್ನೆಯಲ್ಲಿ ಇರುವುದಿಲ್ಲ, ಇರಲೂಬಾರದು. ಜೋಡಣೆ ಮುಗಿದ ಕಾರನ್ನು ಕಾರ್ಖಾನೆಯಲ್ಲಿಯೇ ರೋಲರುಗಳ ಮೇಲೆ ಮತ್ತು ಪರೀಕ್ಷಾ ಪಥದಲ್ಲಿ ಸ್ವಲ್ಪ ದೂರ ಓಡಿಸಿ ಬ್ರೇಕು, ಗೇರು, ಸದ್ದು ಎಲ್ಲವನ್ನೂ ನೋಡುತ್ತಾರೆ. ಅಲ್ಲಿಂದ ಕಾರ್ಖಾನೆಯ ಅಂಗಳಕ್ಕೆ, ಅಂಗಳದಿಂದ ಕ್ಯಾರಿಯರ್ ಲಾರಿಗೆ ಅಥವಾ ರೈಲಿನ ವ್ಯಾಗನ್ನಿಗೆ, ಇಳಿದ ಮೇಲೆ ಡೀಲರನ ಸ್ಟಾಕ್‌ಯಾರ್ಡಿಗೆ, ಅಲ್ಲಿಂದ ವರ್ಕ್‌ಷಾಪಿಗೆ, ಕೊನೆಗೆ ಷೋರೂಮಿಗೆ ಕಾರು ತನ್ನ ಚಕ್ರದ ಮೇಲೆಯೇ ಚಲಿಸುತ್ತದೆ. ಗುರುಗ್ರಾಮದಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದ ಕಾರಾದರೂ, ಬೆಂಗಳೂರಿನ ಮಗ್ಗುಲಿನ ಬಿಡದಿಯಲ್ಲೇ ತಯಾರಾದ ಕಾರಾದರೂ, ಲಾರಿಯ ಮೇಲೆ ಕುಳಿತು ಬಂದ ದೂರ ಮೀಟರಿಗೆ ಸೇರುವುದಿಲ್ಲವಾದ್ದರಿಂದ ಎರಡರ ಅಂಕಿಯೂ ಹೆಚ್ಚು ಕಡಿಮೆ ಒಂದೇ ಆಗಿರಬೇಕು. ಇಷ್ಟೇ ಕಿಲೋಮೀಟರ್ ಎಂದು ಮೋಟಾರು ವಾಹನ ನಿಯಮಗಳಲ್ಲಿ ಗೆರೆ ಎಳೆದಿಲ್ಲ. ಕಾರು ಕೊಳ್ಳುವವರ ವಲಯದಲ್ಲಿ ಐವತ್ತರೊಳಗೆ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಸ್ಟಾಕ್‌ಯಾರ್ಡ್ ಊರಾಚೆ ಇದ್ದರೆ ಎಪ್ಪತ್ತು ಎಂಬತ್ತನ್ನೂ ಒಪ್ಪುತ್ತಾರೆ. ನೂರು ದಾಟಿದರೆ ಕಾರಣ ಕೇಳುತ್ತಾರೆ. ನಾನೂ ಕೇಳಿದೆ.

ಮೊದಲ ಉತ್ತರ: ‘ಫ್ಯಾಕ್ಟರಿ ಟೆಸ್ಟಿಂಗ್ ಸರ್.’ ಸಾವಿರಾರು ಕಾರುಗಳು ಹೊರಬೀಳುವ ಕಾರ್ಖಾನೆಯಲ್ಲಿ ಒಂದೊಂದನ್ನೂ ನೂರೈವತ್ತು ಕಿಲೋಮೀಟರ್ ಓಡಿಸಲು ಕುಳಿತರೆ ಕಾರ್ಖಾನೆ ನಡೆದ ಹಾಗೆಯೇ ಎಂದು ನಾನು ನಕ್ಕಾಗ ಅವರೂ ನಕ್ಕರು. ಎರಡನೆಯ ಉತ್ತರ ಮೇಲ್ವಿಚಾರಕರಿಂದ ಬಂತು: ‘ಆರ್‌ಟಿಒ ಇನ್‌ಸ್ಪೆಕ್ಷನ್‌ಗೆ ಹೋಗಿ ಬಂದಿರಬೇಕು.’ ಹಿಂದೆ ಹೊಸ ಕಾರನ್ನು ನೋಂದಣಿಗೆ ಮುನ್ನ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಿತ್ತು, ನಿಜ. ಆದರೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ಅಧಿಕೃತ ಡೀಲರ್ ಮಾರುವ ಹೊಸ ವಾಹನವನ್ನು ಮೊದಲ ನೋಂದಣಿಗಾಗಿ ಅಧಿಕಾರಿಯ ಮುಂದೆ ಹಾಜರುಪಡಿಸುವ ಅಗತ್ಯವಿಲ್ಲ. ಕಾಗದಪತ್ರವೆಲ್ಲ ಡೀಲರನ ಮೇಜಿನಿಂದಲೇ ಹೋಗುತ್ತದೆ. ಅದಿರಲಿ, ನಾನು ಇನ್ನೂ ಉಳಿದ ಹಣವನ್ನೇ ಕಟ್ಟಿರಲಿಲ್ಲ, ಅರ್ಜಿಗೆ ಸಹಿಯನ್ನೇ ಹಾಕಿರಲಿಲ್ಲ. ಹಾಗಿದ್ದ ಮೇಲೆ ಯಾರ ಹೆಸರಿನ ನೋಂದಣಿಗೆ ಕಾರು ಹೋಗಿ ಬಂತು? ಮೂರನೆಯ ಉತ್ತರ ಸ್ವಲ್ಪ ಹೊತ್ತಿನ ನಂತರ, ಫೋನಿನಲ್ಲಿ ಯಾರೊಡನೆಯೋ ಮಾತಾಡಿ ಬಂದ ಮೇಲೆ ಹೊರಟಿತು: ‘ಮೀಟರ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವಾಗ ಹೀಗೆ ತೋರಿಸುತ್ತದೆ.’ ಈ ಮೂರನೆಯದನ್ನು ಕೇಳುವ ತನಕ ನನಗೆ ಕುತೂಹಲ ಮಾತ್ರ ಇತ್ತು. ಕೇಳಿದ ಮೇಲೆ ಅನುಮಾನ ಹುಟ್ಟಿತು.

ಅನುಮಾನ ಏನೆಂದರೆ, ಇದು ಟೆಸ್ಟ್ ಡ್ರೈವ್‌ಗೆ ಬಳಸಿದ ಕಾರೇ, ಅಥವಾ ಬೇರೊಬ್ಬರಿಗೆ ಕೊಟ್ಟು ತಕರಾರಾಗಿ ಹಿಂದಕ್ಕೆ ಬಂದದ್ದೇ, ಅಥವಾ ದಾರಿಯಲ್ಲಿ ಎಲ್ಲೋ ತಾಗಿಸಿ ತೇಪೆ ಹಚ್ಚಿದ್ದೇ ಎಂಬುದು. ಹೀಗೆ ಮೂರು ಬಗೆಯ ಕಾರುಗಳಿಗೂ ಮೀಟರಿನ ಅಂಕಿ ಒಂದೇ ಇರಬಹುದು, ಆದರೆ ಉಳಿದ ಗುರುತುಗಳು ಬೇರೆ ಬೇರೆ. ಆದ್ದರಿಂದ ಮಾತನ್ನು ನಿಲ್ಲಿಸಿ ಕಾರನ್ನೇ ಕೇಳತೊಡಗಿದೆ. ಒಂದೊಂದು ಓಟದ ದೂರವನ್ನು ಬೇರೆಯಾಗಿ ಲೆಕ್ಕ ಹಾಕುವ ಟ್ರಿಪ್ ಮೀಟರನ್ನು ಯಾರೂ ಅಳಿಸಿರಲಿಲ್ಲ. ಅದೂ 164 ಎಂದೇ ಹೇಳುತ್ತಿತ್ತು. ಅದರ ಜೊತೆಗಿದ್ದ ಸರಾಸರಿ ಇಂಧನ ಲೆಕ್ಕ ಲೀಟರಿಗೆ 18.1 ಕಿಲೋಮೀಟರ್. ಹತ್ತು ಹತ್ತು ನಿಮಿಷ ಊರೊಳಗೆ ಸುತ್ತಾಡಿಸಿ ನಿಲ್ಲಿಸಿ ಮತ್ತೆ ಹೊರಡಿಸುವ ಟೆಸ್ಟ್ ಡ್ರೈವ್ ಕಾರಿನಲ್ಲಿ ಈ ಅಂಕಿ ಎಂದೂ ಬಾರದು. ಇದು ಹೆದ್ದಾರಿಯಲ್ಲಿ ಒಂದೇ ಓಟಕ್ಕೆ ಓಡಿದ ಕಾರಿನ ಲೆಕ್ಕ. ಅಷ್ಟು ದೂರಕ್ಕೆ ಒಂಬತ್ತು ಲೀಟರಿನಷ್ಟು ಪೆಟ್ರೋಲ್ ಬೇಕು, ಆದರೂ ಇಂಧನದ ಮುಳ್ಳು ಕಾಲು ಟ್ಯಾಂಕಿನಲ್ಲಿ ನಿಂತಿತ್ತು. ಸ್ಟಾಕ್‌ಯಾರ್ಡಿನಿಂದ ವರ್ಕ್‌ಷಾಪಿಗೆ ಹೋಗಲು ಯಾರೂ ಅಷ್ಟು ಪೆಟ್ರೋಲ್ ಹಾಕಿಸುವುದಿಲ್ಲ. ಚಾಸಿ ನಂಬರಿನ 17 ಅಕ್ಷರಗಳಲ್ಲಿ ಸಾಮಾನ್ಯವಾಗಿ ವರ್ಷವನ್ನು ಸೂಚಿಸುವ ಹತ್ತನೆಯದು ‘ಎಸ್’, ಎಂದರೆ 2025. ಟೈರುಗಳ ಮೇಲೆ ಅವು ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿಗಳೂ ಅದೇ ವರ್ಷದ 28 ಮತ್ತು 29ನೆಯ ವಾರದವು. ಅಂದರೆ ಕಾರು ಹಳೆಯದಲ್ಲ, ತಯಾರಾಗಿ ಎರಡೂವರೆ ತಿಂಗಳಿಗಿಂತ ಹೆಚ್ಚಾಗಿಲ್ಲ.

ಗಂಟು ಬಿಚ್ಚಿದ್ದು ಎರಡು ಕಾಗದಗಳು. ಗ್ಲೋವ್ ಬಾಕ್ಸಿನಲ್ಲಿದ್ದ ಸ್ವೀಕೃತಿ ಪತ್ರದಲ್ಲಿ, ಸೆಪ್ಟೆಂಬರ್ 16ರಂದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಸ್ಟಾಕ್‌ಯಾರ್ಡಿನಲ್ಲಿ ಕಾರು ಕ್ಯಾರಿಯರಿನಿಂದ ಇಳಿದಾಗ ಮೀಟರ್ 11 ಎಂದು ಬಾಲ್‌ಪೆನ್ನಿನಲ್ಲಿ ಬರೆದು ಯಾರೋ ಸಹಿ ಹಾಕಿದ್ದರು. ಚಾಲಕನ ಬಾಗಿಲಿನ ಕಿಸೆಯಲ್ಲಿ, ಖಾಲಿ ನೀರಿನ ಬಾಟಲಿಯ ಕೆಳಗೆ, ಮುದುರಿದ ಎರಡು ಟೋಲ್ ರಸೀದಿಗಳಿದ್ದವು: ಸೆಪ್ಟೆಂಬರ್ 24ರ ರಾತ್ರಿ, ಒಂದು ಬಿಡದಿ ಹತ್ತಿರದ ಟೋಲಿನದು, ಇನ್ನೊಂದು ಶ್ರೀರಂಗಪಟ್ಟಣದ ಈಚೆಯ ಗಣಂಗೂರಿನದು. ಫಾಸ್ಟ್ಯಾಗ್ ಇಲ್ಲದ ಗಾಡಿಯಾದ್ದರಿಂದ ಎರಡೂ ಕಡೆ ದುಪ್ಪಟ್ಟು ಶುಲ್ಕವನ್ನು ನಗದಾಗಿ ಕೊಟ್ಟಿದ್ದರು. ರಸೀದಿಗಳ ಮೇಲಿನ ಸಮಯಗಳ ನಡುವೆ 54 ನಿಮಿಷಗಳ ಅಂತರ. ಆ ಎರಡು ಟೋಲುಗಳ ನಡುವೆ ಸುಮಾರು 80 ಕಿಲೋಮೀಟರ್. ಲೆಕ್ಕ ಹಾಕಿದರೆ ಗಂಟೆಗೆ 90ರ ಆಸುಪಾಸಿನ ಸರಾಸರಿ ವೇಗ. ಬೆಂಗಳೂರಿನ ಆ ತುದಿಯಿಂದ ನೈಸ್ ರಸ್ತೆ ಹಿಡಿದು, 118 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಮುಗಿಸಿ, ಮೈಸೂರಿನ ರಿಂಗ್ ರಸ್ತೆಯಿಂದ ಈ ಅಂಗಳಕ್ಕೆ ಬಂದರೆ ಒಟ್ಟು ದೂರ ನೂರೈವತ್ತರ ಸುತ್ತಮುತ್ತ ಆಗುತ್ತದೆ. 11ಕ್ಕೆ 153 ಸೇರಿಸಿದರೆ 164. ಇದರಲ್ಲಿ ಕಾರ್ಖಾನೆಯೂ ಇರಲಿಲ್ಲ, ಆರ್‌ಟಿಒವೂ ಇರಲಿಲ್ಲ, ಸಾಫ್ಟ್‌ವೇರಂತೂ ಇರಲೇ ಇಲ್ಲ. ದಸರೆಯ ಗಡಿಬಿಡಿಯಲ್ಲಿ ಕ್ಯಾರಿಯರಿಗೆ ಕಾಯದೆ ಒಬ್ಬ ಚಾಲಕನ ಕೈಗೆ ಕೀಲಿ ಕೊಟ್ಟು ರಾತ್ರೋರಾತ್ರಿ ನನ್ನ ಕಾರನ್ನು ಓಡಿಸಿಕೊಂಡು ಬಂದಿದ್ದರು, ಅಷ್ಟೇ.

ರಸೀದಿಗಳನ್ನು ಮೇಜಿನ ಮೇಲಿಟ್ಟಾಗ ಷೋರೂಮಿನ ವ್ಯವಸ್ಥಾಪಕರು ಒಂದು ಕ್ಷಣವೂ ವಾದ ಮಾಡಲಿಲ್ಲ. ಅದನ್ನು ಅವರ ಪರವಾಗಿ ಹೇಳಲೇಬೇಕು. ಆ ವಾರ ಕ್ಯಾರಿಯರ್ ಲಾರಿಗಳು ಸಿಗುತ್ತಿರಲಿಲ್ಲವೆಂದೂ, ಬೆಂಗಳೂರಿನ ಸೋದರ ಶಾಖೆಯಿಂದ ಹನ್ನೊಂದು ಕಾರುಗಳನ್ನು ಹೀಗೆಯೇ ತರಿಸಿಕೊಂಡೆವೆಂದೂ, ಟ್ರೇಡ್ ಸರ್ಟಿಫಿಕೇಟಿನ ಕೆಂಪು ಫಲಕ ಕಟ್ಟಿಯೇ ತಂದೆವೆಂದೂ ಹೇಳಿ ಅದರ ಪ್ರತಿಯನ್ನು ತೋರಿಸಿದರು. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಕೇಂದ್ರ ಮೋಟಾರು ವಾಹನ ನಿಯಮಗಳ 41ನೆಯ ನಿಯಮ, ನೋಂದಣಿಯಾಗದ ವಾಹನವನ್ನು ಟ್ರೇಡ್ ಸರ್ಟಿಫಿಕೇಟಿನ ಮೇಲೆ ಯಾವ ಕೆಲಸಗಳಿಗೆ ರಸ್ತೆಗಿಳಿಸಬಹುದೆಂದು ಪಟ್ಟಿ ಮಾಡುತ್ತದೆ. ಡೆಲಿವರಿಗಾಗಿ ಒಬ್ಬ ಡೀಲರನ ಅಂಗಳದಿಂದ ಮತ್ತೊಬ್ಬನ ಅಂಗಳಕ್ಕೆ ಒಯ್ಯುವುದು ಆ ಪಟ್ಟಿಯಲ್ಲಿದೆ. ಹಾಗಾದರೆ ಮೂರು ಸುಳ್ಳು ಹೇಳಿದ್ದೇಕೆ ಎಂದು ಕೇಳಿದೆ. ಕೆಳಗಿನ ಸಿಬ್ಬಂದಿಗೆ ಕಾರು ಹೇಗೆ ಬಂತೆಂಬುದು ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಅವರಿಗೆ ಧೈರ್ಯವಿರಲಿಲ್ಲ ಎಂದರು. ಈ ಉತ್ತರವನ್ನು ನಾನು ನಂಬುತ್ತೇನೆ. ತಿಂಗಳ ಗುರಿ ಮುಟ್ಟಿಸಬೇಕಾದ ಇಪ್ಪತ್ನಾಲ್ಕರ ಹುಡುಗ, ಗ್ರಾಹಕ ಎದುರಿಗೆ ನಿಂತಾಗ ಬಾಯಿಗೆ ಬಂದದ್ದನ್ನು ಹೇಳಿ ಪಾರಾಗುವುದು ಈಗಿನ ಷೋರೂಮುಗಳಲ್ಲಿ ಅಪರೂಪವೇನಲ್ಲ. ಆದರೆ ಗ್ರಾಹಕನಿಗೆ ಕಾಣುವುದು ಆ ಹುಡುಗ ಮಾತ್ರ. ಅವನು ಹೇಳಿದ್ದೇ ಸಂಸ್ಥೆಯ ಮಾತು.

ಈ 153 ಕಿಲೋಮೀಟರ್ ಓಟದಿಂದ ಕಾರಿಗೆ ನಷ್ಟವೇನು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ನೋಡಬೇಕು. ವಾರಂಟಿ ಒಂದು ಲಕ್ಷ ಕಿಲೋಮೀಟರಿನದು. ಅದರಲ್ಲಿ ಕಳೆದದ್ದು ಶೇ 0.15, ಲೆಕ್ಕಕ್ಕೆ ಇಲ್ಲ. ವಾರಂಟಿಯ ಅವಧಿಯೂ ಡೆಲಿವರಿಯ ದಿನದಿಂದಲೇ ಆರಂಭವಾಗುತ್ತದೆ. ಮೊದಲ ಉಚಿತ ಸರ್ವಿಸ್ ಸಾವಿರ ಕಿಲೋಮೀಟರಿಗೆ. ಅದರಲ್ಲಿ ಆರನೆಯ ಒಂದು ಭಾಗ ನಾನು ಕೂರುವ ಮೊದಲೇ ಮುಗಿದಿತ್ತು, ಇದು ಸಣ್ಣ ಕಿರಿಕಿರಿ. ನಿಜವಾದ ಪ್ರಶ್ನೆ ಓಡಿಸಿದ ರೀತಿಯದು. ಇದೇ ಕಾರಿನ ಕೈಪಿಡಿ ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನಿಗೆ ಹದ ಕೊಡಬೇಕೆನ್ನುತ್ತದೆ: ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು, ಆಕ್ಸಿಲರೇಟರನ್ನು ಪೂರ್ತಿ ತುಳಿಯಬಾರದು, ಅಗತ್ಯವಿಲ್ಲದೆ ಜೋರಾಗಿ ಬ್ರೇಕ್ ಹಾಕಬಾರದು. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವುದು, ಬ್ರೇಕ್ ಪ್ಯಾಡುಗಳು ಡಿಸ್ಕಿನ ಮೇಲೆ ಸಮನಾಗಿ ಕೂರುವುದು, ಟೈರಿನ ಮೇಲ್ಮೈಯ ನಯ ಸವೆದು ಹಿಡಿತ ಬರುವುದು ಎಲ್ಲವೂ ಮೊದಲ ಕೆಲವು ನೂರು ಕಿಲೋಮೀಟರಿನಲ್ಲೇ. ಖಾಲಿ ರಸ್ತೆಯಲ್ಲಿ ಮಧ್ಯರಾತ್ರಿ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು ಕೈಪಿಡಿ ಬೇಡವೆಂದ ಕೆಲಸವೇ. ಹಾಗಂತ ಈ ಒಂದು ರಾತ್ರಿಯಿಂದ ಎಂಜಿನ್ ಹಾಳಾಯಿತೆಂದು ಯಾವ ಪ್ರಾಮಾಣಿಕ ಮೆಕ್ಯಾನಿಕ್ಕೂ ಹೇಳಲಾರ. ಈಗಿನ ಎಂಜಿನ್ನುಗಳ ಒಳಮೈ ಹಿಂದಿನ ಕಾಲದವುಗಳಿಗಿಂತ ಬಹಳ ನುಣುಪಾಗಿಯೇ ಬರುತ್ತದೆ. ವೇಗ 90ರ ಹತ್ತಿರ ಇತ್ತು, 130 ಇರಲಿಲ್ಲ ಎಂದು ರಸೀದಿಗಳೇ ಸಾಕ್ಷಿ ನುಡಿದದ್ದು ನನಗೆ ನೆಮ್ಮದಿ ಕೊಟ್ಟಿತು.

ಮನೆಯಲ್ಲಿ ಈ ತರ್ಕ ನಡೆಯಲಿಲ್ಲ. ‘ಬೇರೆಯವರು ಉಂಡು ಎದ್ದ ಎಲೆಗೆ ಬಡಿಸಿದ ಹಾಗಾಯಿತು’ ಎಂದರು ಅಮ್ಮ. ಮೊದಲ ಓಟಕ್ಕೆ ಮುನ್ನ ನಿಂಬೆಹಣ್ಣು ಚಕ್ರದ ಕೆಳಗೆ ಇಡುವುದು ಎಂದರೆ ಮೊದಲ ಓಟ ನಮ್ಮದೇ ಆಗಿರಬೇಕಲ್ಲವೇ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೊಸದು ಎಂಬ ಮಾತಿಗೆ ಜನ ಕೊಡುವ ಬೆಲೆಯನ್ನು ಕಿಲೋಮೀಟರಿನ ಗಣಿತದಿಂದ ಅಳೆಯಲಾಗದು. ಈ ಕಾರಣಕ್ಕೆ ಹಿಂದೆ ದೊಡ್ಡ ಕಂಪನಿಗಳೂ ತಲೆ ತಗ್ಗಿಸಿದ್ದುಂಟು. ಅಮೆರಿಕದ ಕ್ರೈಸ್ಲರ್ ಕಂಪನಿಯಲ್ಲಿ, ಸಿಬ್ಬಂದಿ ಪರೀಕ್ಷೆಯ ಹೆಸರಿನಲ್ಲಿ ಹೊಸ ಕಾರುಗಳನ್ನು ಮೀಟರಿನ ಸಂಪರ್ಕ ಕಳಚಿ ಮನೆಗೆ ಒಯ್ದು ಓಡಿಸುತ್ತಿದ್ದರು, ಆ ಮೇಲೆ ಅವೇ ಕಾರುಗಳು ಹೊಚ್ಚ ಹೊಸವೆಂದು ಮಾರಾಟವಾಗುತ್ತಿದ್ದವು. 60,000ಕ್ಕೂ ಹೆಚ್ಚು ಕಾರುಗಳ ಈ ವಿಷಯ 1987ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದಾಗ ಕಂಪನಿಯ ಮುಖ್ಯಸ್ಥ ಲೀ ಐಯಾಕೋಕಾ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅಲ್ಲಿ ಮೀಟರನ್ನೇ ಮೂಕವಾಗಿಸಿದ್ದರು; ಇಲ್ಲಿ ಮೀಟರ್ ನಿಜ ಹೇಳುತ್ತಿತ್ತು, ಮನುಷ್ಯರು ಹೇಳುತ್ತಿರಲಿಲ್ಲ.

ನಮ್ಮ ದೇಶದ ಒಂದು ಪ್ರಕರಣವೂ ಆ ದಿನ ನನ್ನ ತಲೆಯಲ್ಲಿತ್ತು. ಗೋವಾದ ಗ್ರಾಹಕರೊಬ್ಬರು 2011ರಲ್ಲಿ ಹೊಸ ಕಾರೆಂದು ಪೂರ್ತಿ ಹಣ ಕೊಟ್ಟರೆ, ಡೀಲರ್ ಮುಂದಿಟ್ಟದ್ದು 2009ರಲ್ಲಿ ತಯಾರಾದ, ಮೀಟರಿನಲ್ಲಿ 622 ಕಿಲೋಮೀಟರ್ ದಾಖಲಾಗಿದ್ದ ಕಾರು. ಗ್ರಾಹಕ ವೇದಿಕೆಯಲ್ಲಿ ಆರಂಭವಾದ ಆ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2021ರ ಫೆಬ್ರವರಿಯಲ್ಲಿ ಬಂದ ತೀರ್ಪಿನಲ್ಲಿ ತಯಾರಕ ಕಂಪನಿಯನ್ನು ಹೊಣೆಯಿಂದ ಬಿಡುಗಡೆ ಮಾಡಲಾಯಿತು. ಡೀಲರ್ ಮಾಡಿದ್ದು ಕಂಪನಿಗೆ ತಿಳಿದಿತ್ತೆಂದು ಸಾಬೀತಾಗದ ಹೊರತು, ಸ್ವತಂತ್ರವಾಗಿ ಕೊಂಡು ಮಾರುವ ಡೀಲರನ ತಪ್ಪನ್ನು ಕಂಪನಿಯ ತಲೆಗೆ ಕಟ್ಟಲಾಗದು ಎಂಬುದು ಅದರ ಸಾರ. ಷೋರೂಮಿನ ಮುಂದಿರುವ ದೊಡ್ಡ ಹೆಸರಿನ ಫಲಕ ನೋಡಿ ಧೈರ್ಯ ತಂದುಕೊಳ್ಳುವವರು ಇದನ್ನು ತಿಳಿದಿರಬೇಕು: ಡೆಲಿವರಿಗೆ ಮೊದಲು ಕಾರಿಗೆ ಏನಾಯಿತೆಂಬುದಕ್ಕೆ ಉತ್ತರ ಕೊಡಬೇಕಾದವನು ಬಹುಮಟ್ಟಿಗೆ ಡೀಲರ್ ಒಬ್ಬನೇ. ಬಳಸಿದ ವಸ್ತುವನ್ನು ಹೊಸದೆಂದು ಹೇಳಿ ಮಾರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದೇ ಕರೆಯುತ್ತದೆ. ದೂರು ಹೇಳಲು 1915 ಸಹಾಯವಾಣಿ ಇದೆ. ನಾನು ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ.

ವ್ಯವಸ್ಥಾಪಕರು ಎರಡು ದಾರಿ ತೋರಿಸಿದರು. ಒಂದು, ಕ್ಯಾರಿಯರಿನಲ್ಲೇ ಬರುವ ಬೇರೆ ಕಾರು. ಅದಕ್ಕೆ ಮೂರು ವಾರ ಕಾಯಬೇಕು. ಇನ್ನೊಂದು, ಇದೇ ಕಾರು, ಸ್ವಲ್ಪ ರಿಯಾಯಿತಿಯೊಂದಿಗೆ. ನಾನು ಒಂದು ದಿನ ಸಮಯ ಕೇಳಿ, ಭಾನುವಾರ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಮತ್ತೆ ಅದೇ ಅಂಗಳಕ್ಕೆ ಹೋದೆ. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ತಳಭಾಗ ನೋಡಿದೆವು; ಬೋಲ್ಟುಗಳ ತಲೆಯ ಬಣ್ಣ ಎಲ್ಲಿಯೂ ಕೆತ್ತಿಹೋಗಿರಲಿಲ್ಲ, ಎಂದರೆ ಯಾವ ಭಾಗವನ್ನೂ ಬಿಚ್ಚಿ ಕಟ್ಟಿರಲಿಲ್ಲ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ಮೆಕ್ಯಾನಿಕ್ ತಂದಿದ್ದರು. ಬಾಗಿಲು, ಬಾನೆಟ್, ಹಿಂಬದಿಯ ಮಡ್‌ಗಾರ್ಡುಗಳೆಲ್ಲ 100ರಿಂದ 120 ಮೈಕ್ರಾನ್ ನಡುವೆ ಒಂದೇ ಸಮನಾಗಿ ಬಂದವು. ಪುಟ್ಟಿ ಹಚ್ಚಿ ಮರುಬಣ್ಣ ಬಳಿದಿದ್ದರೆ ಅಂಕಿ ಮೂರು ನಾಲ್ಕು ಪಟ್ಟು ಹಾರುತ್ತಿತ್ತು. ಷೋರೂಮಿನ ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳಿಲ್ಲವೆಂದು ನೋಡಿ, ಎಂಜಿನ್ ನಿಯಂತ್ರಕದಲ್ಲಿ ದಾಖಲಾದ ದೂರವೂ ಮೀಟರಿನ ದೂರವೂ ಒಂದೇ ಎಂದು ಖಚಿತ ಮಾಡಿಕೊಂಡೆವು. ಮುಂದಿನ ಬಂಪರಿನ ಮೇಲೆ ರಾತ್ರಿಯ ಓಟದ ಹುಳುಗಳು ಒಣಗಿ ಅಂಟಿದ್ದವು, ಮುಂದಿನ ಗಾಜಿನ ಕೆಳಭಾಗದಲ್ಲಿ ಕಲ್ಲು ಸಿಡಿದ ಒಂದು ಚುಕ್ಕೆ ಇತ್ತು. ಆ ಗಾಜನ್ನು ಹೊಸದರಿಂದ ಬದಲಿಸಲು ಒಪ್ಪಿದರು. ನಾನು ಡೆಲಿವರಿಯ ದಿನವೇ ಮೊದಲ ಸಲ ಕಾರು ನೋಡಿದ್ದರೆ, ಈ ಚುಕ್ಕೆ ಹೂವಿನ ಹಾರದ ನಡುವೆ ಕಾಣುತ್ತಲೇ ಇರಲಿಲ್ಲ. ಮನೆಗೆ ತಂದ ಮೇಲೆ ಕಂಡು ಕೇಳಿದ್ದರೆ ‘ನೀವು ಓಡಿಸುವಾಗ ಆಗಿರಬೇಕು’ ಎನ್ನುತ್ತಿದ್ದರು.

ಕೊನೆಗೆ ನಾನು ಇದೇ ಕಾರನ್ನು ತೆಗೆದುಕೊಂಡೆ. ಓದುವವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಇನ್ನೊಂದು ಕಾರಿನ ಮೀಟರ್ 20 ತೋರಿಸಿದರೂ ಆ ಇಪ್ಪತ್ತು ಎಲ್ಲಿ ಓಡಿದ್ದೆಂದು ನನಗೆ ತಿಳಿಯುವುದಿಲ್ಲ. ಈ ಕಾರಿನ 164ರಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ನನ್ನ ಕೈಯಲ್ಲಿ ಕಾಗದವಿತ್ತು. ನಾನು ಕೇಳಿದ್ದು ಮೂರು. ಕಾರು ಯಾವ ದಿನ, ಎಲ್ಲಿಂದ ಎಲ್ಲಿಗೆ, ಯಾವ ಕಾರಣಕ್ಕೆ, ಎಷ್ಟು ದೂರ ಓಡಿತೆಂದು ಷೋರೂಮಿನ ಲೆಟರ್‌ಹೆಡ್ಡಿನಲ್ಲಿ ಬರೆದು ಮುದ್ರೆ ಹಾಕಿ ಕೊಡಬೇಕು. ಮೊದಲ ಸರ್ವಿಸ್ಸಿನಲ್ಲಿ ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನು ಅವರ ಖರ್ಚಿನಲ್ಲಿ ಬದಲಿಸಬೇಕು. ಬಿಲ್ಲಿನಲ್ಲಿದ್ದ 8,500 ರೂಪಾಯಿಯ ‘ಹ್ಯಾಂಡ್ಲಿಂಗ್ ಮತ್ತು ಲಾಜಿಸ್ಟಿಕ್ಸ್ ಚಾರ್ಜ್’ ತೆಗೆಯಬೇಕು. ಈ ಮೂರನೆಯದರ ಬಗ್ಗೆ ಒಂದು ಮಾತು. ಕಾರನ್ನು ಕ್ಯಾರಿಯರಿನಲ್ಲಿ ಜೋಪಾನವಾಗಿ ತರುವ ಖರ್ಚೆಂದು ವಿವರಿಸಿ ಹಾಕಿದ್ದ ಮೊತ್ತ ಅದು. ಆ ಕ್ಯಾರಿಯರನ್ನು ಉಳಿಸಿ ನನ್ನ ಟೈರಿನ ಮೇಲೆಯೇ ಕಾರನ್ನು ತಂದು, ತಂದದ್ದಕ್ಕೆ ನನ್ನಿಂದಲೇ ಬಾಡಿಗೆ ಕೇಳುವುದು ನಮ್ಮ ಕಡೆಯ ಎತ್ತಿನಗಾಡಿ ಬಾಡಿಗೆಯವರಿಗೂ ಹೊಳೆಯದ ಲೆಕ್ಕಾಚಾರ. ಮೊದಲ ಎರಡಕ್ಕೆ ಒಪ್ಪಿ ಅಂದೇ ಪತ್ರ ಕೊಟ್ಟರು. ಮೂರನೆಯದಕ್ಕೆ, ಬಿಲ್ ಈಗಾಗಲೇ ಸಿದ್ಧವಾಗಿದೆ, ಹಣ ಕಟ್ಟಿ, ಹದಿನೈದು ದಿನದಲ್ಲಿ ಖಾತೆಗೆ ಹಿಂದಿರುಗಿಸುತ್ತೇವೆ ಎಂದರು. ಹಬ್ಬ ಎದುರಿಗಿತ್ತು; ಒಪ್ಪಿದೆ. ಅದು ನನ್ನ ತಪ್ಪು.

ಡೆಲಿವರಿ ಬುಧವಾರ ಹೇಳಿದ ಸಮಯಕ್ಕೇ ಆಯಿತು. ಗಾಜು ಬದಲಾಗಿತ್ತು, ನೋಂದಣಿ ಫಲಕ ಕಟ್ಟಿತ್ತು. ಫಲಕವಿಲ್ಲದೆ ಹೊಸ ವಾಹನವನ್ನು ಮಾಲೀಕನ ಕೈಗೆ ಕೊಡುವಂತಿಲ್ಲ ಎಂಬ ನಿಯಮವನ್ನು ಆ ನೂಕುನುಗ್ಗಲಿನಲ್ಲಿಯೂ ಅವರು ಪಾಲಿಸಿದರು. ಮೀಟರ್ 171 ತೋರಿಸುತ್ತಿತ್ತು, ಅಂಗಳದಿಂದ ಷೋರೂಮಿಗೆ ಬಂದ ಏಳು ಕಿಲೋಮೀಟರನ್ನು ಗೇಟ್ ಪಾಸಿನಲ್ಲಿ ತಾವಾಗಿಯೇ ಬರೆದಿದ್ದರು. ಮೊದಲ ದಿನ ಮೂರು ಉತ್ತರಗಳ ನಡುವೆ ಸಿಕ್ಕಿಬಿದ್ದಿದ್ದ ಮಾರಾಟ ಸಿಬ್ಬಂದಿ ಬಂದು, ಇನ್ನು ಮೇಲೆ ಪ್ರತಿಯೊಂದು ಕಾರಿನ ಸ್ವೀಕೃತಿ ಪತ್ರವನ್ನು ಮೊದಲೇ ನೋಡಿಕೊಳ್ಳುತ್ತೇನೆ ಎಂದು ಸಂಕೋಚದಿಂದ ಹೇಳಿದರು. ಅಮ್ಮ ನಿಂಬೆಹಣ್ಣನ್ನು ನಾಲ್ಕೂ ಚಕ್ರಗಳಿಗೆ ಇಟ್ಟರು, ಹಿಂದಿನ ಓಟದ್ದೂ ಸೇರಿ ದೃಷ್ಟಿ ಹೋಗಲಿ ಎಂದು ಎರಡೆರಡರಂತೆ.

ಇದೇ ಷೋರೂಮಿಗೆ ಹೋಗುವವರಿಗೆ, ಅಥವಾ ಹಬ್ಬದ ಮುಂಚಿನ ವಾರ ಯಾವುದೇ ಊರಿನಲ್ಲಿ ಕಾರು ಕೊಳ್ಳುವವರಿಗೆ, ಕೇಳಬೇಕಾದ ಕಾಗದ ಯಾವುದೆಂದು ಮಾತ್ರ ಹೇಳುತ್ತೇನೆ. ಕ್ಯಾರಿಯರಿನಿಂದ ಕಾರು ಇಳಿದಾಗ ಬರೆದ ಸ್ವೀಕೃತಿ ಪತ್ರದಲ್ಲಿ ಮೀಟರಿನ ಅಂಕಿ ಇರುತ್ತದೆ; ಪಿಡಿಐ ಹಾಳೆಯಲ್ಲಿ ಇನ್ನೊಂದು ಅಂಕಿ ಇರುತ್ತದೆ; ಇವೆರಡರ ವ್ಯತ್ಯಾಸಕ್ಕೆ ಅವರ ಬಳಿ ದಾಖಲೆ ಇದೆಯೇ ಎಂದು ಕೇಳಿ. ಟ್ರಿಪ್ ಮೀಟರನ್ನು ಒರೆಸುವ ಮೊದಲು ಅದರ ಇಂಧನ ಸರಾಸರಿಯ ಫೋಟೊ ತೆಗೆದುಕೊಳ್ಳಿ. ಬಾಗಿಲಿನ ಕಿಸೆಗಳಲ್ಲಿ ಕೈಯಾಡಿಸಿ ನೋಡಿ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕಾರು ಬೇರೆ ಊರಿನಿಂದ ಬರುವುದಾದರೆ ಕ್ಯಾರಿಯರಿನಲ್ಲೋ ರಸ್ತೆಯಲ್ಲೋ ಎಂದು ಬುಕಿಂಗ್ ಫಾರಮ್ಮಿನ ಮೇಲೆಯೇ ಬರೆಯಿಸಿಕೊಂಡರೆ ಆ ಮೇಲೆ ಯಾರಿಗೂ ಸುಳ್ಳು ಹೇಳುವ ಕಷ್ಟ ಬರುವುದಿಲ್ಲ. ನನಗೆ ಬುಧವಾರದ ಹಿಂದಿನ ಗುರುವಾರದ ಕರೆಯಲ್ಲೇ ‘ಗಾಡಿ ಬೆಂಗಳೂರಿನಿಂದ ಓಡಿಸಿಕೊಂಡು ಬಂದಿದೆ, ಬೇಕಾದರೆ ತೆಗೆದುಕೊಳ್ಳಿ’ ಎಂದಿದ್ದರೆ, ಹಬ್ಬದ ಆಸೆಗೆ ನಾನು ಬಹುಶಃ ಒಂದು ಪೈಸೆಯ ರಿಯಾಯಿತಿಯನ್ನೂ ಕೇಳದೆ ಒಪ್ಪಿಬಿಡುತ್ತಿದ್ದೆ.

ಮಾರಾಟ ವಿಭಾಗಕ್ಕೆ ಐದಕ್ಕೆ ನಾಲ್ಕು, ತಪಾಸಣೆಗೆ ಅವಕಾಶ ಕೊಟ್ಟ ರೀತಿಗೆ ಒಂದೂವರೆ, ತಪ್ಪು ಕಂಡ ಮೇಲೆ ವ್ಯವಸ್ಥಾಪಕರು ನಡೆದುಕೊಂಡದ್ದಕ್ಕೆ ನಾಲ್ಕು. ಒಟ್ಟಿನಲ್ಲಿ ಐದಕ್ಕೆ ಮೂರು ಕೊಡುತ್ತೇನೆ. ಮೊದಲ ಸರ್ವಿಸ್ 1,020 ಕಿಲೋಮೀಟರಿಗೆ ಮುಗಿದಿದೆ, ಮಾತು ಕೊಟ್ಟಂತೆ ಆಯಿಲ್ ಬದಲಿಸಿದರು, ಕಾರಿನಲ್ಲಿ ಈವರೆಗೆ ತೊಂದರೆಯಿಲ್ಲ. 8,500 ರೂಪಾಯಿ ಮಾತ್ರ ಇನ್ನೂ ಖಾತೆಗೆ ಬಂದಿಲ್ಲ. ಕೇಳಿದಾಗಲೆಲ್ಲ ‘ಅಕೌಂಟ್ಸ್‌ನವರಿಗೆ ಹೇಳಿದ್ದೇವೆ ಸರ್’ ಎನ್ನುತ್ತಾರೆ.